ಬರೀ ಡ್ಯಾಶ್

ನ್ಯೂ ಹಾಲಂಡ್, ಪೆನ್ಸಿಲ್ವೇನಿಯಾ
ಸೆಪ್ಟೆಂಬರ್ 12, 2018

ಎಬೊ,

ಫೋನಿನಲ್ಲಿ ಮಾತು ತುಂಬಿ ತುಂಬಿ ಕಳಿಸುತ್ತೀಯ, ಒಂದನ್ನೂ ನಾನು ಕೇಳಿಲ್ಲ. ಇನ್ನು ಮುಂದೆ ಕೇಳುವುದೂ ಇಲ್ಲ. ವಕೀಲರ ಕಡೆಯವರು ಬಂದು ನನ್ನ ಕಂಪ್ಯೂಟರು, ಫೋನು ಎರಡನ್ನೂ ಪೂರ್ತಿ ನಕಲು ಮಾಡಿಕೊಂಡು ಹೋದರು. ಎದುರು ಪಕ್ಷದವರು ಕೇಳಿದರೆ ಕೊಡಲೇಬೇಕಂತೆ. ನಿನ್ನ ಅಮ್ಮ ನಮ್ಮೂರು ಕೇಪ್ ಕೋಸ್ಟಿನಿಂದ ಕಳಿಸಿದ ಮದುವೆ ಫೋಟೋಗಳೂ ಈಗ ಯಾರದೋ ಪೆಟ್ಟಿಗೆಯಲ್ಲಿವೆ. ಅದಕ್ಕೇ ಈ ಕಾಗದ. ನೀನೂ ಕಾಗದವನ್ನೇ ಬರಿ.

ವಿಷಯ ಇದು. ಹ್ಯಾಲ್‌ವಿಕ್ ಕಂಪನಿಯ ಮೇಲೆ ಕೇಸು ಹಾಕಿದ್ದೇನೆ. ನನ್ನೊಬ್ಬಳಿಗಾಗಿ ಅಲ್ಲ, ನನ್ನಂಥ ನೂರಾರು ಪ್ರಾಣಿವೈದ್ಯರ ಪರವಾಗಿ. ನನ್ನ ಆಸ್ಪತ್ರೆಯ ಮಹಡಿಯ ಮೇಲೆ ಎರಡು ವರ್ಷ ಇದ್ದವನು ನೀನು, ಅವರ ವ್ಯಾಪಾರ ನಿನಗೆ ಗೊತ್ತು. ನಾಯಿ ಲಸಿಕೆ, ಚಿಗಟದ ಮದ್ದು, ದನದ ಲಸಿಕೆ, ಮೂರನ್ನೂ ಅವರಿಂದಲೇ ಕೊಂಡರೆ ರಿಯಾಯಿತಿ. ಒಂದನ್ನು ಬೇರೆ ಕಡೆ ಕೊಂಡೆಯೋ, ಮೂರರ ಮೇಲಿನ ರಿಯಾಯಿತಿಯೂ ಹೋಯಿತು. ಗಂಟು ಕಟ್ಟಿ ಮಾರುವುದು. ಅಲೆನ್‌ಟೌನ್‌ನ ಒಂದು ಸಣ್ಣ ಕಂಪನಿ ಒಳ್ಳೆಯ ನಾಯಿ ಲಸಿಕೆಯನ್ನು ಕಡಿಮೆಗೆ ಕೊಡುತ್ತಿತ್ತು. ಗಂಟು ಬಿಚ್ಚುವ ಧೈರ್ಯ ಯಾರಿಗೂ ಬರಲಿಲ್ಲ, ಅದು ಬಾಗಿಲು ಹಾಕಿತು. ಅದು ಬಾಗಿಲು ಹಾಕಿದ್ದೇ ತಡ, ಹ್ಯಾಲ್‌ವಿಕ್‌ನವರು ನಾಯಿ ಲಸಿಕೆಯ ಬೆಲೆ ಏರಿಸಿದರು.

ನನ್ನ ವಕೀಲ ಫೀನಿ ಮಾತೆತ್ತಿದರೆ ‘ಕ್ಲಾಸ್, ಕ್ಲಾಸ್’ ಅನ್ನುತ್ತಾನೆ. ಈ ವಯಸ್ಸಿನಲ್ಲಿ ನನ್ನನ್ನು ಶಾಲೆಗೆ ಕಳಿಸುತ್ತಾನೇನೋ ಅಂದುಕೊಂಡೆ. ಆಮೇಲೆ ತಿಳಿಯಿತು. ನಮ್ಮೂರ ದಂಡೆಯಲ್ಲಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಸಿಗುತ್ತದಲ್ಲ, ಅದೇ. ಆದರೆ ಇಲ್ಲಿ ಈ ಗುಂಪು ಒಂದೇ ಗುಂಪು ಹೌದೆಂದು ಜಡ್ಜು ಮೊದಲು ಒಪ್ಪಬೇಕು. ಹಗ್ಗ ಹಿಡಿದವರಿಗೆಲ್ಲ ಒಂದೇ ಬಗೆಯ ಪೆಟ್ಟು ಬಿದ್ದಿದೆ ಅಂತ ಅರ್ಥಶಾಸ್ತ್ರದವರು ಲೆಕ್ಕ ಹಾಕಿ ತೋರಿಸಬೇಕು. ಜಡ್ಜು ಒಪ್ಪದಿದ್ದರೆ ಒಬ್ಬೊಬ್ಬರೇ ಹೋಗಿ ಆ ಕಂಪನಿಯ ಜೊತೆ ಗುದ್ದಾಡಬೇಕು. ಅದು ಯಾರಿಂದಾದೀತು? ಹಗ್ಗದ ತುದಿಯಲ್ಲಿ ನಿಂತವಳು ನಾನು. ಕೇಸು ನನ್ನ ಹೆಸರಿನಲ್ಲಿದೆ. ನಾನು ಜಾರಿದರೆ ಎಲ್ಲರೂ ಬೀಳುತ್ತಾರೆ.

ನೀನು ಇದೇ ವಿದ್ಯೆ ಕಲಿತವನು, ಇಂಥ ಲೆಕ್ಕದ ಆಫೀಸಿನಲ್ಲೇ ಇದ್ದೀಯ. ಅವರು ನನ್ನನ್ನು ಏನು ಕೇಳಬಹುದು, ಸ್ವಲ್ಪ ಬರಿ.

ಜೊತೆಗೆ ಒಂದು ಬಾಟಲಿ ಶಿಟೊ ಚಟ್ನಿ ಇದೆ. ಒಣಮೀನು ಜಾಸ್ತಿಯೇ ಹಾಕಿದ್ದೇನೆ.

ನಿನ್ನ ಆಂಟಿ,
ಅರಾಬಾ


ಫಿಲಡೆಲ್ಫಿಯಾ
ಸೆಪ್ಟೆಂಬರ್ 21, 2018

ಪ್ರೀತಿಯ ಆಂಟಿ,

ಬರೆಯಲು ಕೂತರೆ ನನ್ನ ಕಾಲು ಕೂರುವುದಿಲ್ಲ, ನಿಮಗೇ ಗೊತ್ತು. ಹಾಗಾಗಿ ಆಫೀಸು ಬಿಟ್ಟು ನದಿ ದಂಡೆಯಲ್ಲಿ ನಡೆಯುತ್ತ ಫೋನಿಗೆ ಮಾತಾಡುತ್ತಿದ್ದೇನೆ. ಅದು ಅಕ್ಷರ ಮಾಡಿಕೊಡುತ್ತದೆ, ನಾನು ಅಚ್ಚು ತೆಗೆದು ಅಂಚೆಗೆ ಹಾಕುತ್ತೇನೆ. ಶಿಟೊ ಬಂದ ದಿನವೇ ವುಡ್‌ಲ್ಯಾಂಡ್ ಅವೆನ್ಯೂಗೆ ಓಡಿ ನಮ್ಮ ಹುಳಿ ಜೋಳದ ಕಡುಬು ಕೆಂಕಿ ತಂದೆ. ಅಂಗಡಿಯ ಎಫುವಾ ಅಮ್ಮ ಎರಡು ಕೆಂಕಿ ಕಟ್ಟಿ, ಮೇಲೊಂದು ಹುರಿದ ಮೀನಿಟ್ಟು, ತಗೋ ಇದು — ಅಂದರು.

ನೋಡಿ, ಇದೇ ಈ ಫೋನಿನ ಹುಚ್ಚು. ನಾನು ಹೇಳಿದ್ದು ಡ್ಯಾಶ್. ನಮ್ಮ ಸಂತೆಯ ಕೊಸರು. ಫೋನಿಗೆ ಸಂತೆ ಎಲ್ಲಿ ಗೊತ್ತು? ಡ್ಯಾಶ್ ಅಂದ ಕೂಡಲೇ ಒಂದು ಗೆರೆ ಎಳೆದು ಸುಮ್ಮನಾಗುತ್ತದೆ. ನೀವು ನಗಲಿ ಅಂತ ಮೇಲಿನ ಗೆರೆಯನ್ನು ಹಾಗೇ ಬಿಟ್ಟಿದ್ದೇನೆ, ಮಿಕ್ಕ ಕಡೆ ಪೆನ್ನಿನಿಂದ ತಿದ್ದಿದ್ದೇನೆ.

ಈಗ ನಗು ಬಾರದ ಮಾತು. ನಿಮ್ಮ ಕೇಸಿನಲ್ಲಿ ನನ್ನ ಆಫೀಸೂ ಇದೆ. ಹ್ಯಾಲ್‌ವಿಕ್ ಕಡೆಗೆ. ಆಗಸ್ಟಿನಿಂದ ನನ್ನನ್ನು ಅದೇ ಕೆಲಸಕ್ಕೆ ಹಾಕಿದ್ದಾರೆ. ನನ್ನ ಕೈಗೆ ಬಂದ ಲೆಕ್ಕದಲ್ಲಿ ಹ್ಯಾಲ್‌ವಿಕ್ ಹೆಸರು ಮಾತ್ರ ಇತ್ತು, ವೈದ್ಯರಿಗೆಲ್ಲ ಬರೀ ನಂಬರು, ನಿಮ್ಮ ಕಾಗದ ನೋಡಿಯೇ ನನಗೆ ಗೊತ್ತಾದದ್ದು. ಕಾಗದ ಮಡಿಸಿ ನೇರ ನನ್ನ ಮೇಲಿನವರಾದ ಬ್ರೆಂಡಾ ಹತ್ತಿರ ಹೋಗಿ, ಈ ಕೇಸು ಹಾಕಿದವರು ನನ್ನ ಆಂಟಿ ಅಂದೆ. ಅಮ್ಮನ ತಂಗಿಯಾ ಅಂತ ಕೇಳಿದರು. ಅಲ್ಲ. ಅಪ್ಪನ ಕಡೆಯಾ? ಅಲ್ಲ. ನಿಮ್ಮ ಮನೆಯವರಲ್ಲಿ ಯಾರನ್ನಾದರೂ ಮದುವೆಯಾಗಿದ್ದಾರಾ? ಇಲ್ಲ, ನನ್ನ ಅಮ್ಮನ ಜೊತೆ ಓದಿದವರು, ಈ ದೇಶಕ್ಕೆ ಬಂದಾಗ ಅವರ ಮನೆಯಲ್ಲಿ ಇದ್ದೆ ಅಂದೆ. ಬ್ರೆಂಡಾ ಉಸಿರು ಬಿಟ್ಟು ನಕ್ಕರು.

“ಹಂಗಾದ್ರೆ ಅವರು ನಿಂಗೆ ಯಾರೂ ಅಲ್ಲ ಬಿಡು. ಹೋಗಿ ಕೆಲ್ಸ ನೋಡ್ಕೊ. ಕೇಸಿನ ವಿಷ್ಯ ಮಾತ್ರ ಅವರ ಹತ್ರ ಬಾಯಿ ಬಿಡ್ಬೇಡ.”

ಬಾಯಿ ಬಿಡಬಾರದು ಅಂತ ಕೋರ್ಟಿನ ಆಜ್ಞೆಯೇ ಇದೆ. ಮೀರಿದರೆ ನನ್ನ ಕೆಲಸ ಹೋಗುತ್ತದೆ, ಅದರ ಬೆನ್ನಿಗೇ ವೀಸಾ. ಆದ್ದರಿಂದ ಅದನ್ನು ಕೇಳಬೇಡಿ, ಬೇರೆ ಎಲ್ಲ ಬರೆಯಿರಿ. ಎಲಾಮ್ ಬೈಲರ್ ಹಸುಗಳು ಹೇಗಿವೆ? ಚಳಿ ಶುರುವಾಗುವ ಮುಂಚೆ ಎಲ್ಲಕ್ಕೂ ಸೂಜಿ ಆಯಿತಾ?

ನಿಮ್ಮ
ಎಬೊ


ನ್ಯೂ ಹಾಲಂಡ್
ಅಕ್ಟೋಬರ್ 2, 2018

ಶ್ರೀ ಎಬೊ ಕ್ವಾನ್ಸಾ ಅವರಿಗೆ,

ಬೈಲರ್ ಹಸುಗಳಿಗೆ ಸೂಜಿ ಆಯಿತಾ ಅಂತ ಕೇಳಿದ್ದೀಯ. ಕೇಳುತ್ತಿರುವವನು ನನ್ನ ಮಹಡಿಯ ಹುಡುಗನೋ, ಹ್ಯಾಲ್‌ವಿಕ್‌ನ ಹುಡುಗನೋ? ನಾನು ದನದ ಲಸಿಕೆ ಎಷ್ಟು ಕೊಳ್ಳುತ್ತೇನೆ ಅನ್ನುವುದನ್ನು ಇಷ್ಟು ಚಂದವಾಗಿ ಕೇಳಲು ಯಾರು ಕಲಿಸಿದರು?

ಈಗ ಒಂದೊಂದೇ ನೆನಪಾಗುತ್ತಿದೆ. ಜುಲೈನಲ್ಲಿ ಬಂದಾಗ ಲಸಿಕೆಯ ಫ್ರಿಜ್ಜಿನ ಬಾಗಿಲು ತೆಗೆದುಕೊಂಡು ಬಹಳ ಹೊತ್ತು ನಿಂತಿದ್ದೆ. ಏನೋ ಅದು ಅಂತ ಕೇಳಿದ್ದಕ್ಕೆ ಕುಡಿಯುವ ನೀರು ಹುಡುಕುತ್ತಿದ್ದೇನೆ ಅಂದೆ. ಆ ಫ್ರಿಜ್ಜಿನಲ್ಲಿ ಎಂದಾದರೂ ನೀರು ಇಟ್ಟಿದ್ದೇನಾ? ಆವತ್ತೇ ಊಟದ ಮಧ್ಯೆ, ಆಂಟಿ ಈಗ ದನ ಜಾಸ್ತಿಯೋ ನಾಯಿ ಬೆಕ್ಕು ಜಾಸ್ತಿಯೋ ಅಂತ ಕೇಳಿದೆ. ನಾನು ಪೆದ್ದಿ, ಮೀನು ಬಿಡಿಸುತ್ತ ಎಲ್ಲ ಹೇಳಿದೆ. ಆಗಸ್ಟಿನಿಂದ ಈ ಕೆಲಸದಲ್ಲಿದ್ದೇನೆ ಅನ್ನುತ್ತೀಯ. ಜುಲೈಯಿಂದ ಆಗಸ್ಟಿನ ಮನೆಗೆ ಎಷ್ಟು ದೂರ?

ನಿನ್ನ ಬ್ರೆಂಡಾ ಹೇಳಿದ್ದು ಸರಿ. ನಾಯಿಗಿಡುವ ಥರ್ಮಾಮೀಟರನ್ನು ಬಿಸಿನೀರಲ್ಲಿ ತೊಳೆದು ನಿನ್ನ ಕಂಕುಳಲ್ಲಿಟ್ಟು ಜ್ವರ ನೋಡಿದವಳು ನಿನಗೆ ಏನಾಗಬೇಕು? ಏನೂ ಆಗಬೇಕಿಲ್ಲ. ಇದರ ಜೊತೆ ಬಾಟಲಿ ಹುಡುಕಬೇಡ. ಕಳಿಸಿಲ್ಲ.

ರಕ್ತವೂ ಅಲ್ಲದ, ಮದುವೆಯೂ ಅಲ್ಲದ,
ಡಾ. ಅರಾಬಾ ಡಾಡ್ಜಿ


ಫಿಲಡೆಲ್ಫಿಯಾ
ನವೆಂಬರ್ 25, 2018

ಆಂಟಿ,

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಿಮ್ಮಲ್ಲಿಗೆ ಬಾರದೆ ಇದ್ದದ್ದು ಇದೇ ಮೊದಲು. ಲ್ಯಾಂಕಾಸ್ಟರ್‌ವರೆಗೆ ರೈಲಿನಲ್ಲಿ ಬಂದೆ. ಅಲ್ಲಿಂದ ಟ್ಯಾಕ್ಸಿ ಹಿಡಿಯದೆ, ನಿಲ್ದಾಣದಲ್ಲೇ ಅತ್ತಿತ್ತ ತಿರುಗಿ, ಮುಂದಿನ ರೈಲಿಗೆ ವಾಪಸ್ಸಾದೆ.

ಫ್ರಿಜ್ಜಿನ ಕಥೆ ಹೇಳುತ್ತೇನೆ. ನಿಮ್ಮ ಮಹಡಿಯಲ್ಲಿ ಫ್ಯಾನಿಲ್ಲ. ಜುಲೈ ಸೆಕೆಗೆ ತಾಳಲಾರದೆ ಆ ಬಾಗಿಲು ತೆಗೆದು ಮುಖ ತಂಪು ಮಾಡಿಕೊಳ್ಳುತ್ತಿದ್ದೆ. ಲಸಿಕೆ ಫ್ರಿಜ್ಜು ತೆರೆದಿಟ್ಟವರನ್ನು ನೀವು ಜೀವಸಹಿತ ಬಿಡುವುದಿಲ್ಲ, ಅದಕ್ಕೆ ನೀರು ಅಂದೆ. ನಂಬಿದರೆ ನಂಬಿ.

ಈ ಕೇಸಿನಿಂದ ನನ್ನನ್ನು ತೆಗೆಯಿರಿ ಅಂತ ಕೇಳೋಣವೆಂದರೆ ಯಾಕೆ ಅನ್ನುತ್ತಾರೆ. ನನ್ನ ಹತ್ತಿರ ಇರುವುದು ಒಂದೇ ಉತ್ತರ, ಅದನ್ನು ಅವರು ಆಗಲೇ ಉತ್ತರವಲ್ಲ ಅಂತ ತೀರ್ಮಾನಿಸಿದ್ದಾರೆ. ಬೈಲರ್ ಹಸುಗಳನ್ನು ಕೇಳಿದ್ದು ಯಾಕೆಂದರೆ, ಆ ಕೊಟ್ಟಿಗೆಯಲ್ಲಿ ನೀವು ಸೂಜಿ ಹಾಕುವಾಗ ಬಾಲ ಹಿಡಿದು ನಿಲ್ಲುತ್ತಿದ್ದವನು ನಾನು. ಆ ವಾಸನೆಯ ನೆನಪಾಯಿತು. ಅಷ್ಟೇ.

ಎಬೊ


ನ್ಯೂ ಹಾಲಂಡ್
ಜನವರಿ 18, 2019

ಎಬೊ,

ನಿನಗೆ ಉತ್ತರ ಬರೆಯಬಾರದು ಅಂತಿದ್ದೆ. ಆದರೆ ಮೊನ್ನೆ ನಾನು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯನ್ನು ನೀನು ಹೇಗೂ ಆಫೀಸಿನಲ್ಲಿ ಕೂತು ಓದುತ್ತೀಯ. ಅವರ ಟೈಪಿಗಿಂತ ಮೊದಲು ನನ್ನ ಕೈಬರಹದಲ್ಲಿ ಓದು.

ನಿಮ್ಮೂರಿನ ದೊಡ್ಡ ಕಟ್ಟಡದ ಮೇಲಿನ ಅಂತಸ್ತು. ಹ್ಯಾಲ್‌ವಿಕ್ ವಕೀಲ ಬೆಣ್ಣೆಯಂಥ ಮಾತಿನವನು. ಮೇಜಿನ ಮೂಲೆಯಲ್ಲಿ ಒಬ್ಬ ಹೆಂಗಸು ಪುಟ್ಟ ಯಂತ್ರ ಇಟ್ಟುಕೊಂಡು ಆಡಿದ ಮಾತೆಲ್ಲ ಟೈಪು ಮಾಡಿಕೊಳ್ಳುತ್ತಿದ್ದಳು. ಬೆಳಗಿನಿಂದ ಕತ್ತಲಾಗುವವರೆಗೆ ಕೇಳಿದರು. ನಿಮಗೂ ಬೇರೆ ವೈದ್ಯರಿಗೂ ಬಿದ್ದ ಪೆಟ್ಟು ಒಂದೇ ಅಂತ ಹೇಗೆ ಹೇಳುತ್ತೀರಿ ಅನ್ನುವುದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ನಾನು ಅಲುಗಲಿಲ್ಲ. ಊಟದ ನಂತರ ದನದ ಕಡೆ ಬಂದ.

“ಬಿಲ್ಲಲ್ಲಿರೋದು ಬಿಟ್ಟು, ದನದ ಲಸಿಕೆ ಮೇಲೆ ನಿಮಗೆ ಬೇರೆ ರಿಯಾಯಿತಿ ಏನಾದ್ರೂ ಸಿಗ್ತಿತ್ತಾ ಡಾಕ್ಟ್ರೇ?”

“ಇಲ್ಲ. ಬರೀ ಡ್ಯಾಶ್.”

ಅವನು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದ. ನಾನು ಹೇಳಿದ್ದು ಸತ್ಯ. ಗಂಟು ಬಿಚ್ಚದೆ ವರ್ಷ ಕಳೆದದ್ದಕ್ಕೆ ಹ್ಯಾಲ್‌ವಿಕ್‌ನ ಮಾರಾಟದವನು ಆಗಾಗ ಬಂದು ದನದ ಲಸಿಕೆಯ ಪೆಟ್ಟಿಗೆ ಸುಮ್ಮನೆ ಇಳಿಸಿ ಹೋಗುತ್ತಿದ್ದ. ಸ್ಯಾಂಪಲ್ ಅನ್ನುತ್ತಿದ್ದ. ಟೊಮೇಟೊ ಕೊಂಡವಳ ಬುಟ್ಟಿಗೆ ಮೇಲೆರಡು ಹಾಕಿದ ಹಾಗೆ. ಬೆಲೆ ಬೆಲೆಯೇ, ಕೊಸರು ಕೊಸರೇ. ಎರಡನ್ನೂ ಒಂದು ಅನ್ನುವವನು ಸಂತೆಗೆ ಹೋದವನಲ್ಲ.

ಹೇಳಿಕೆಯ ಪ್ರತಿ ಕಳಿಸುತ್ತಾರಂತೆ. ತಿದ್ದುವುದಿದ್ದರೆ ಒಂದು ತಿಂಗಳೊಳಗೆ ತಿದ್ದಿ ಸಹಿ ಹಾಕಿ ಕೊಡಬೇಕು. ನನಗೆ ತಿದ್ದುವಂಥದ್ದು ಏನೂ ಇಲ್ಲ.

ಡಾ. ಅರಾಬಾ ಡಾಡ್ಜಿ


ಫಿಲಡೆಲ್ಫಿಯಾ
ಫೆಬ್ರವರಿ 6, 2019

ಆಂಟಿ,

ಇದನ್ನು ಓದಿ ಹರಿದುಹಾಕಿ. ಕೇಸಿನ ಬಗ್ಗೆ ಇದರಲ್ಲಿ ಒಂದು ಮಾತೂ ಇಲ್ಲ. ನನ್ನ ಫೋನಿನ ಬಗ್ಗೆ ಮಾತ್ರ ಇದೆ.

ಮೊದಲ ಕಾಗದ ನೆನಪಿದೆಯಾ? ಎಫುವಾ ಅಮ್ಮ ಕೊಟ್ಟ ಹುರಿದ ಮೀನು? ಆ ಹುಚ್ಚು ನನ್ನ ಫೋನಿಗೆ ಮಾತ್ರ ಹಿಡಿದದ್ದಲ್ಲ, ಸಂತೆ ಕಾಣದವರಿಗೆಲ್ಲ ಹಿಡಿಯುತ್ತದೆ. ನೀವು ಯಾವುದಕ್ಕಾದರೂ ಸಹಿ ಹಾಕುವ ಮುಂಚೆ ಗಟ್ಟಿಯಾಗಿ ಓದಿ. ಕಣ್ಣಿನಲ್ಲಿ ಓದಿದರೆ ಸಾಲದು. ಬಾಯಲ್ಲಿ ಓದಿ. ನಿಮ್ಮ ಬಾಯಿಂದ ಬಂದ ಮಾತೆಲ್ಲ ಕಾಗದದ ಮೇಲಿದೆಯಾ ಅಂತ ನಾಲಿಗೆಗೇ ಗೊತ್ತಾಗುವುದು.

ಎಬೊ


ನ್ಯೂ ಹಾಲಂಡ್
ಫೆಬ್ರವರಿ 12, 2019

ಎಬೊ,

ಹರಿದುಹಾಕಿ ಅನ್ನುವವನ ಕಾಗದವನ್ನು ಯಾರಾದರೂ ಹರಿದುಹಾಕುತ್ತಾರಾ? ನನ್ನ ಏಪ್ರನ್ ಜೇಬಿನಲ್ಲಿ, ಗೊರಸು ಕೆತ್ತುವ ಚಾಕುವಿನ ಪಕ್ಕ ಭದ್ರವಾಗಿದೆ.

ನಿನ್ನ ಆಟ ನನಗೆ ಅರ್ಥವಾಯಿತು. ಈ ಮುದುಕಿಯ ಮನಸ್ಸಿನಲ್ಲಿ ಅನುಮಾನದ ಹುಳ ಬಿಡುವುದು. ಅವಳು ಹೆದರಿ ತನ್ನ ಹೇಳಿಕೆಯನ್ನು ಅಲ್ಲೊಂದು ಇಲ್ಲೊಂದು ತಿದ್ದುವುದು. ಆಮೇಲೆ ಆ ಬೆಣ್ಣೆ ಮಾತಿನವನು ಜಡ್ಜಿನ ಮುಂದೆ ನಿಂತು, ನೋಡಿ ಸ್ವಾಮಿ, ಮೊದಲೊಂದು ಹೇಳಿದಳು, ಈಗೊಂದು ಹೇಳುತ್ತಾಳೆ, ಇಂಥವಳ ಹಿಂದೆ ಇಷ್ಟು ಜನರನ್ನು ನಿಲ್ಲಿಸುವುದಾ ಅನ್ನುವುದು. ಪ್ರತಿ ಬಂದಿದೆ. ಎರಡು ಸಲ ಓದಿದೆ. ಎಲ್ಲ ಸರಿಯಿದೆ.

ಎದುರು ಪಕ್ಷದ ಕಡೆಯಿಂದ ಯಾರಾದರೂ ನಿಮ್ಮನ್ನು ಮಾತಾಡಿಸಿದರಾ ಅಂತ ಫೀನಿ ಮೊನ್ನೆಯೂ ಕೇಳಿದ. ಸಹಿ ತೆಗೆದುಕೊಳ್ಳಲು ಈ ತಿಂಗಳ ಕೊನೆಗೆ ಬರುತ್ತಾನೆ. ಆಗ ಈ ಕಾಗದವನ್ನು ಅವನ ಕೈಗೆ ಯಾಕೆ ಕೊಡಬಾರದು, ನೀನೇ ಬರೆದು ತಿಳಿಸು.

ಡಾ. ಅ. ಡಾ.


ನ್ಯೂ ಹಾಲಂಡ್
ಫೆಬ್ರವರಿ 27, 2019

ಎಬೊ,

ನೀನು ಉತ್ತರ ಬರೆಯಲಿಲ್ಲ. ಬರೆದು ಅಂಗಲಾಚಿದ್ದರೆ ಕೊಟ್ಟುಬಿಡುತ್ತಿದ್ದೆ.

ಸೋಮವಾರ ಬೈಲರ್ ಕೊಟ್ಟಿಗೆಗೆ ಹೋಗಿದ್ದೆ. ಕರುಗಳಿಗೆ ಸೂಜಿ ಹಾಕಿ ಕೈ ತೊಳೆಯುತ್ತಿದ್ದಾಗ ಎಲಾಮ್ ಗಡ್ಡ ಕೆರೆದುಕೊಂಡು ಕೇಳಿದ.

“ಈ ಸಲ ಡ್ಯಾಶ್ ಇಲ್ವಾ ಡಾಕ್ಟ್ರೇ?”

ಹ್ಯಾಲ್‌ವಿಕ್‌ನವನು ಸುಮ್ಮನೆ ಇಳಿಸಿದ್ದರಲ್ಲಿ ನಾನು ಎಲಾಮ್‌ಗೂ ಒಂದಷ್ಟು ಸುಮ್ಮನೆ ಕೊಡುತ್ತಿದ್ದೆನಲ್ಲ, ಆಗೆಲ್ಲ ಆ ಮಾತು ಹೇಳಿಕೊಟ್ಟಿದ್ದೆ. ತನ್ನ ಪಂಥದ ಕಟ್ಟಳೆಗೆ ಕುದುರೆಗಾಡಿ ಬಿಟ್ಟು ಬೇರೆ ಹತ್ತದ ಮನುಷ್ಯನ ಬಾಯಲ್ಲಿ ನಮ್ಮ ಸಂತೆಯ ಮಾತು ಕೇಳಿ ನಗು ಬಂತು. ನಗುತ್ತಲೇ ಟ್ರಕ್ಕು ಹತ್ತಿದೆ. ಹತ್ತಿದವಳಿಗೆ ಏನೋ ಚುಚ್ಚಿತು. ಈ ಮಾತನ್ನು ಆ ಪ್ರತಿಯಲ್ಲಿ ಓದಿದ ನೆನಪೇ ಇಲ್ಲ. ಸೀಟಿನ ಮೇಲೆ ಇತ್ತು, ತೆಗೆದೆ. ಗಟ್ಟಿಯಾಗಿ ಓದಿದೆ.

“ಇಲ್ಲ. ಬರೀ —”

ನಾಲಿಗೆ ಅಲ್ಲೇ ನಿಂತಿತು. ಆ ಹೆಂಗಸು ಗೆರೆ ಎಳೆದಿದ್ದಾಳೆ, ನಾನು ಏನೋ ಹೇಳಲು ಹೋಗಿ ನುಂಗಿಕೊಂಡೆ ಅನ್ನುವ ಹಾಗೆ. ಕಣ್ಣು ಅದನ್ನು ಎರಡು ಸಲ ಹಾಯ್ದು ಹೋಗಿತ್ತು. ಯಾಕೆಂದರೆ ಕಣ್ಣಿಗೆ ಗೆರೆಯೂ ಡ್ಯಾಶೇ. ಆಗ ನಿನ್ನ ಫೋನು, ಎಫುವಾಳ ಮೀನು, ಎಲ್ಲ ಅರ್ಥವಾಯಿತು.

ಟ್ರಕ್ಕಿನಲ್ಲೇ ಕೂತು ಇನ್ನೊಂದು ಕೆಲಸ ಮಾಡಿದೆ. ಇಷ್ಟು ವರ್ಷ ಮಾಡದೆ ಇದ್ದದ್ದು. ಕೊಸರನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿದೆ. ನಾಯಿಯಲ್ಲಿ ನನ್ನಿಂದ ಕಿತ್ತುಕೊಂಡದ್ದಕ್ಕಿಂತ ದನದಲ್ಲಿ ನನಗೆ ಬಂದದ್ದು ಹೆಚ್ಚು. ನನಗೆ ಪೆಟ್ಟೇ ಬಿದ್ದಿಲ್ಲ. ಪೆಟ್ಟು ಬಿದ್ದದ್ದು ರೆಡಿಂಗ್‌ನ ಲೊರೇನ್ ಸ್ಪಾಟ್ಸ್‌ಗೆ. ಅವಳು ನಾಯಿ ಬೆಕ್ಕು ಮಾತ್ರ ನೋಡುವವಳು. ಅವಳ ಬಾಗಿಲಲ್ಲಿ ಯಾರೂ ಯಾವತ್ತೂ ಪೆಟ್ಟಿಗೆ ಇಳಿಸಲಿಲ್ಲ. ಅವಳ ಪರವಾಗಿ ಹಗ್ಗದ ತುದಿಯಲ್ಲಿ ನಿಂತು ನಾನು ಮೀನು ತಿನ್ನುತ್ತಿದ್ದೆ.

ನಿನ್ನೆ ಫೀನಿ ಬಂದ. ಗೆರೆಯ ಮೇಲೆ ಆ ಮಾತು ಬರೆದು, ಅರ್ಥ ಹೇಳಿದೆ. ಅವನು ಪ್ರತಿಯನ್ನು ತನ್ನ ಕಡೆ ಎಳೆದುಕೊಂಡ.

“ಗೆರೆ ಗೆರೆಯಾಗೇ ಇರ್ಲಿ ಡಾಕ್ಟ್ರೇ. ಯಾರ ಕಣ್ಣಿಗೂ ಬೀಳಲ್ಲ.”

“ನನ್ ಕಣ್ಣಿಗೆ ಬಿತ್ತಲ್ಲ.”

ಅವನನ್ನೂ ಇಷ್ಟು ದಿನ ನಂಬಿದ್ದೆ ನೋಡು. ಸಹಿ ಹಾಕಿದೆ, ಲೊರೇನ್‌ಗೆ ಫೋನು ಮಾಡು ಅಂತ ಅವನಿಗೆ ಹೇಳಿದೆ. ನಾನು ಹಗ್ಗ ಬಿಟ್ಟೆ.

ನನ್ನ ತಿದ್ದುಪಡಿಯಿಂದ ಯಾರಿಗೆ ಲಾಭ ಅಂತ ನನಗೆ ಗೊತ್ತು. ನಿನ್ನ ಬ್ರೆಂಡಾ ಕುಣಿಯುತ್ತಾಳೆ. ನೀನು ಅದನ್ನು ಬರೆದದ್ದು ನನಗಾಗಿಯೋ, ಅವರಿಗಾಗಿಯೋ? ಒಂದೇ ಪ್ರಶ್ನೆ.

ನಿನ್ನ ಕಾಗದ ಫೀನಿಗೆ ಸಿಗಲಿಲ್ಲ. ಏಪ್ರನ್ ಜೇಬಿನಿಂದ ಇಣುಕುತ್ತಿತ್ತು, ಬೈಲರ್‌ನ ಕಂದು ಹಸು ಎಳೆದುಕೊಂಡು ತಿಂದುಬಿಟ್ಟಿತು. ಹಸುವಿಗೆ ಏನೂ ಆಗಿಲ್ಲ. ನಾನೇ ನೋಡಿದೆ.

ಅರಾಬಾ


ಫಿಲಡೆಲ್ಫಿಯಾ
ಜೂನ್ 14, 2019

ಆಂಟಿ,

ತೀರ್ಪು ಎಲ್ಲರ ಮುಂದೆ ಬಂದಿರುವುದರಿಂದ ಈಗ ಇಷ್ಟು ಹೇಳಬಹುದು. ನಾಯಿ ಬೆಕ್ಕು ಮಾತ್ರ ನೋಡುವ ವೈದ್ಯರನ್ನು ಒಂದು ಗುಂಪೆಂದು ಜಡ್ಜು ಒಪ್ಪಿದರು. ಮುಂದೆ ನಿಲ್ಲುವವರು ಡಾ. ಸ್ಪಾಟ್ಸ್. ದನ ನೋಡುವವರು ಹೊರಗೆ. ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದರೆ ಪೆಟ್ಟು ತಿಂದವರ ಬೆನ್ನ ಹಿಂದೆ ತಿನ್ನದವರು ಅಡಗಿಕೊಳ್ಳುತ್ತಾರೆ ಅಂತ ಬರೆದಿದ್ದಾರೆ. ಆ ಸಾಲಿನ ಅಡಿ ಟಿಪ್ಪಣಿಯಲ್ಲಿ ನೀವು ತುಂಬಿದ ಮಾತು ಇದೆ, ಅರ್ಥಸಮೇತ. ನಮ್ಮ ಆಫೀಸಿನಲ್ಲಿ ಅರ್ಧ ಗೆಲುವಿಗೆ ಕೇಕು ತಂದರು. ನಾನು ಹೊರಗೆ ನಡೆಯಲು ಹೋದೆ.

ಮಾರ್ಚಿನಲ್ಲಿ ನಿಮ್ಮ ತಿದ್ದುಪಡಿ ಬಂದ ದಿನ ಬ್ರೆಂಡಾ ಅದನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಇದು ನಿಮ್ಮ ಕಡೆ ಮಾತಿರಬೇಕು, ಏನು ಹಾಗಂದರೆ ಅಂತ ಕೇಳಿದರು.

“ಅವರು ನಂಗೆ ಯಾರೂ ಅಲ್ವಲ್ಲ ಬ್ರೆಂಡಾ. ನಂಗೆ ಹೆಂಗೆ ಗೊತ್ತಾಗ್ಬೇಕು?”

ಅವರು ಆ ಹಾಳೆ ಮಡಿಸಿಕೊಂಡು ಹೋದರು. ಅಂದಿನಿಂದ ನನ್ನನ್ನು ಸಿಮೆಂಟ್ ಕಂಪನಿಯ ಬೇರೊಂದು ಕೇಸಿಗೆ ಹಾಕಿದ್ದಾರೆ. ನನ್ನ ಮೇಜಿನ ಹಿಂದೆ ಹಾದು ಹೋಗುವಾಗ ಈಗ ಅವರ ಹೆಜ್ಜೆ ನಿಧಾನವಾಗುತ್ತದೆ.

ನಿಮ್ಮ ಪ್ರಶ್ನೆಗೆ ನಾಲ್ಕು ತಿಂಗಳು ಉತ್ತರ ಹುಡುಕಿದೆ. ನಿಮಗಾಗಿ ಅಂದರೆ ನೀವು ನಂಬುವುದಿಲ್ಲ, ಅವರಿಗಾಗಿ ಅಂದರೆ ನಾನು ನಂಬುವುದಿಲ್ಲ. ಆ ಗೆರೆ ನೋಡಿದಾಗ ನನ್ನ ಕಿವಿಗೆ ನಿಮ್ಮ ದನಿ ಕೇಳಿಸಿತು. ಆ ಕೋಣೆಯಲ್ಲಿ ಬೇರೆ ಯಾರಿಗೂ ಕೇಳಿಸಲಿಲ್ಲ. ಮುಂದೊಂದು ದಿನ ಯಾರೋ ಆ ಸ್ಯಾಂಪಲ್ ಪೆಟ್ಟಿಗೆಗಳ ಲೆಕ್ಕ ಹುಡುಕಿ ತೆಗೆದು ನಿಮ್ಮನ್ನು ಸುಳ್ಳುಗಾರ್ತಿ ಅನ್ನುತ್ತಿದ್ದರು. ನೀವು ಸುಳ್ಳು ಹೇಳಿರಲಿಲ್ಲ. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ನಿಮ್ಮ
ಎಬೊ


ನ್ಯೂ ಹಾಲಂಡ್
ಜೂನ್ 22, 2019

ಎಬೊ,

ನಿನ್ನ ಉತ್ತರವನ್ನು ಬಾಯಲ್ಲಿ ಓದಿದೆ. ಎಲ್ಲೂ ನಾಲಿಗೆ ನಿಲ್ಲಲಿಲ್ಲ. ಹಾಗಂತ ಪೂರ್ತಿ ನಂಬಿದೆ ಅಂದುಕೊಳ್ಳಬೇಡ.

ಜುಲೈನಲ್ಲಿ ಬಾ. ಮಹಡಿಗೆ ಫ್ಯಾನು ಹಾಕಿಸಿದ್ದೇನೆ. ಲಸಿಕೆ ಫ್ರಿಜ್ಜಿಗೆ ಬೀಗವನ್ನೂ ಹಾಕಿಸಿದ್ದೇನೆ. ಬೈಲರ್‌ನ ಕಂದು ಹಸು ಕರು ಹಾಕಿದೆ, ಬಾಲ ಹಿಡಿಯಲು ಆಳಿಲ್ಲ.

ಇದರ ಜೊತೆ ಎರಡು ಬಾಟಲಿ ಶಿಟೊ ಇದೆ. ದೊಡ್ಡದು ಯಾವಾಗಲೂ ಕೊಡುವ ಹಾಗೆ ನಿನ್ನ ಪಾಲಿನದು. ಚಿಕ್ಕದು ಡ್ಯಾಶ್. ಅದನ್ನು ಯಾವ ಲೆಕ್ಕಕ್ಕಾದರೂ ಸೇರಿಸಿದೆ ಅಂತ ಗೊತ್ತಾದರೆ ನೋಡು.

ನಿನ್ನ ಆಂಟಿ,
ಅರಾಬಾ